ನೂರು ರೂಪಾಯಿಗೆ ಒಂದು ಈಡು

'ಸಾರ್ವಜನಿಕರಿಗೆ ಮುಕ್ತ' ಎಂದು ಬರೆದ ಯಾವ ಬೋರ್ಡನ್ನೂ ನಾವು ಒಂದೇ ಸಲಕ್ಕೆ ನಂಬುವವರಲ್ಲ. ಕೆರೆ ದಂಡೆಯಲ್ಲಿ ಆ ಮಾತಿಗೆ ಒಂದು ಅರ್ಥ, ಹೋಟೆಲಿನ ಬಾಗಿಲಲ್ಲಿ ಒಂದು, ದೇವಸ್ಥಾನದ ಮೆಟ್ಟಿಲಲ್ಲಿ ಇನ್ನೊಂದು. 2024ರ ಆಗಸ್ಟ್ ಕೊನೆಗೆ ನಮ್ಮ ತೋಟದ ಗೇಟಿನೆದುರು ಬಸ್‌ಸ್ಟಾಪಿಗೆ ಕಟ್ಟಿದ ಫ್ಲೆಕ್ಸಿನಲ್ಲೂ ಅದೇ ಮಾತಿತ್ತು. ಕೈಲ್ ಮುಹೂರ್ತದ ಪ್ರಯುಕ್ತ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪಾಯಿಂಟ್ ಟೂ-ಟೂ ರೈಫಲ್, ಹನ್ನೆರಡು ಬೋರಿನ ಕೋವಿ, ಏರ್‌ಗನ್. ಪ್ರವೇಶ ನೂರು ರೂಪಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ: ಸಾರ್ವಜನಿಕರಿಗೆ ಮುಕ್ತ.

ಸಾರ್ವಜನಿಕರು ಅಂದರೆ ನಾವೂನಾ? ಈ ಪ್ರಶ್ನೆಯನ್ನು ಮೂರು ದಿನ ಚರ್ಚೆ ಮಾಡಿದೆವು. ಅಷ್ಟು ಚರ್ಚೆಯನ್ನು ನಾವು ಎಲೆಕ್ಷನ್ನಿನಲ್ಲೂ ಮಾಡಿರಲಿಲ್ಲ.

ನಾವು ಎಂದರೆ ಮೂವರು. ಕೊಡಗಿನ ಒಂದು ಕಾಫಿತೋಟದ ಲೈನ್‌ಮನೆಗಳಲ್ಲಿ ಹುಟ್ಟಿದವರು. ಒಬ್ಬ ಕನ್ನಡ ಎಂ.ಎ. ಮಾಡಿ, ಟ್ಯೂಷನ್ ಹೇಳಿಕೊಂಡು, ಯಾರೂ ಕೇಳದಿದ್ದರೂ ಪದ್ಯ ಬರೆದುಕೊಂಡು ಇರುವವನು. ಅವನ ಮನೆಯಲ್ಲಿ ಅವನಿಗಿಂತ ಮುಂಚೆ ಯಾರೂ ಏಳನೇ ಕ್ಲಾಸು ದಾಟಿರಲಿಲ್ಲ. ಒಬ್ಬ ಎರವರ ಹುಡುಗ, ಪಿಯುಸಿಗೇ ಓದು ಬಿಟ್ಟು ಪಿಕಪ್ ಓಡಿಸುವವನು. ಇನ್ನೊಬ್ಬಳು ಬಿ.ಕಾಂ. ಎರಡನೇ ವರ್ಷದವಳು, ಎನ್‌ಸಿಸಿ ಕೆಡೆಟ್. ಕೋವಿ ಹಿಡಿದವರು ಯಾರು, ನಡುಗಿದವರು ಯಾರು ಅಂತ ಅಲ್ಲಲ್ಲಿ ಹೇಳುತ್ತೇವೆ, ಅಲ್ಲಲ್ಲಿ ಬಿಡುತ್ತೇವೆ. ಹೆದರಿಕೆ ಮೂವರಿಗೂ ಒಂದೇ ಇತ್ತು.

ಅದೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದು ಬಂದಿದ್ದಳು. ಹರಿಯಾಣದ ಹುಡುಗಿ ಕೈ ನೀಡಿ, ಒಂದು ಕಣ್ಣಿಗೆ ಮರೆ ಕಟ್ಟಿಕೊಂಡು ನಿಂತ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ನಮ್ಮ ಎನ್‌ಸಿಸಿ ಹುಡುಗಿಗೆ ಅದೇ ಹುಚ್ಚು. ಕ್ಯಾಂಪಿನಲ್ಲಿ ಅವಳು ಮಲಗಿಕೊಂಡು ಐದು ಗುಂಡು ಹೊಡೆದಿದ್ದಳು. ಐದೇ ಐದು. "ಅಣ್ಣಾ, ಐದೂ ಒಂದು ಅಂಗೈ ಅಗಲದೊಳಗೆ ಬಿದ್ದವು, ಹವಾಲ್ದಾರ್ ಸಾರು ಭೇಷ್ ಅಂದ್ರು" ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ನಮಗೆ ಕೇಳಿ ಕೇಳಿ ಸಾಕಾಗಿತ್ತು. "ಹಂಗಾದ್ರೆ ನಡಿ, ನೋಡೇ ಬಿಡಾನ" ಅಂದೆವು. ಮೂರು ನೂರು ರೂಪಾಯಿ. ಅವಳ ಅವ್ವನ ದಿನದ ಕೂಲಿಗೆ ಹತ್ತಿರದ ದುಡ್ಡು. ಪಿಕಪ್ಪಿನವನು ಕೊಟ್ಟ.

ಕೊಡಗಿನಲ್ಲಿ ಕೋವಿ ಎಂದರೆ ಏನು ಅಂತ ಬೇರೆ ಜಿಲ್ಲೆಯ ಗೆಳೆಯರಿಗೆ ಸ್ವಲ್ಪ ಹೇಳಬೇಕು. ಸೆಪ್ಟೆಂಬರ್ ಮೊದಲ ವಾರ ನಾಟಿ ಕೆಲಸ ಮುಗಿದ ಮೇಲೆ ಕೈಲ್ ಮುಹೂರ್ತ ಬರುತ್ತದೆ. ಕೊಡವರು ಅದನ್ನು ಕೈಲ್‌ಪೊಳ್ದ್ ಎನ್ನುತ್ತಾರೆ. ಅವತ್ತು ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಕೋವಿಯ ನಳಿಗೆಗೆ ಕೆಂಪು ಹಳದಿ ಬೆಂಕಿಯ ಹಾಗಿರುವ ಒಂದು ಹೂ ಸಿಕ್ಕಿಸುತ್ತಾರೆ. ಆ ಹೂವಿನ ಹೆಸರೇ ತೋಕ್‌ಪೂ, ಕೋವಿಹೂ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸತ್ತರೆ ಎರಡು. ನಾವು ಲೈನಿನಲ್ಲಿ ಅನ್ನಕ್ಕೆ ಕೂತಿದ್ದಾಗ ಬೆಟ್ಟದಾಚೆ ಒಂದು ಸದ್ದು ಕೇಳಿದರೆ ಯಾರದೋ ಮನೆಯಲ್ಲಿ ಮಗ, ಎರಡು ಕೇಳಿದರೆ ಯಾರೋ ಹೋದರು ಎಂದು ಲೆಕ್ಕ ಹಾಕುತ್ತಾ ದೊಡ್ಡವರಾದೆವು. ನಮ್ಮಲ್ಲಿ ಹುಟ್ಟಿದರೂ ಸತ್ತರೂ ಕೇಳುವುದು ಅಳುವ ಸದ್ದು ಮಾತ್ರ.

ಇದು ಆಚಾರದ ಮಾತಾಯಿತು. ಕಾನೂನಿನ ಮಾತೂ ಇದೆ, ಅದನ್ನು ಓದಿದವರು ಕಡಿಮೆ. 1857ರ ದಂಗೆ ಆದ ಮೇಲೆ ಬ್ರಿಟಿಷರು ಈ ದೇಶದವರ ಕೈಯಿಂದ ಆಯುಧ ಕಿತ್ತುಕೊಳ್ಳಲು ಶುರುಮಾಡಿದರು. ಕೊಡಗಿನವರು ನಿಷ್ಠರು ಎಂದು 1861ರಲ್ಲಿ ಅವರನ್ನು ಆ ಕಟ್ಟಿನಿಂದ ಹೊರಗಿಟ್ಟರು. ಆಗ ಮೈಸೂರು ಕೊಡಗುಗಳಿಗೆ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. 1878ರಲ್ಲಿ ಆಯುಧ ಕಾಯ್ದೆ ಬಂತು, ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಬಂತು. ವಿನಾಯಿತಿ ಮಾತ್ರ ಹಾಗೇ ಉಳಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು. ಸಮಾನತೆಗೆ ವಿರುದ್ಧ ಎಂದು ಹೈಕೋರ್ಟಿಗೆ ಹೋದವರ ಅರ್ಜಿ 2021ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಹುದಾದವರು ಇಬ್ಬರು. ಒಬ್ಬರು ಕೊಡವ ಜನಾಂಗದವರು. ಇನ್ನೊಬ್ಬರು ಜಮ್ಮಾ ಭೂಮಿಯ ಹಿಡುವಳಿದಾರರು. ಅವರಲ್ಲಿ ಬೇರೆ ಜಾತಿಯವರೂ ಇದ್ದಾರೆ.

ಜಮ್ಮ. ಈ ಶಬ್ದವನ್ನು ನಾವು ಬಹಳ ದಿನ ಹಿಂಜಿದೆವು. ಅದು ಜನ್ಮ ಎನ್ನುವ ಮಾತೇ. ರಾಜರ ಕಾಲದಲ್ಲಿ ಯುದ್ಧಕ್ಕೆ ಬರುವ ಕರಾರಿನ ಮೇಲೆ ವಂಶಪಾರಂಪರ್ಯವಾಗಿ ಕೊಟ್ಟ ಜಮೀನು ಜಮ್ಮಾ ಜಮೀನು. ಹಿಂದೆ ಹೇಳಿದೆವಲ್ಲ, ಆ ಜಮೀನಿನ ಬೆನ್ನಿಗೇ ಕೋವಿ ಬಂತು. ಆದರೆ ಇದೇ ಶಬ್ದ ಹಳೆಯ ದಾಖಲೆಗಳಲ್ಲಿ ಇನ್ನೊಂದು ಕಡೆಯೂ ಸಿಗುತ್ತದೆ. ಭೂಮಿ ಜಮ್ಮದಾಳು, ಒಕ್ಕಲು ಜಮ್ಮದಾಳು. ಅಂದರೆ ಹೊಲೆಯರು. ಭೂಮಿಗೆ ಸೇರಿದ ಆಳನ್ನು ಭೂಮಿಯ ಜತೆಗೇ ಮಾರಬೇಕು. ಮನೆಗೆ ಸೇರಿದ ಆಳನ್ನು ಬೇರೆಯಾಗಿಯೂ ಮಾರಬಹುದು, ಅಡ ಇಡಬಹುದು. ನೋಡಿ ಗೆಳೆಯರೇ, ಒಂದೇ ಶಬ್ದ. ಒಬ್ಬನಿಗೆ ಹುಟ್ಟಿನಿಂದ ಕೋವಿ, ಇನ್ನೊಬ್ಬನಿಗೆ ಹುಟ್ಟಿನಿಂದ ಜೀತ. ಕೊಡಗನ್ನು ಕುಂಪಣಿಯವರು ತೆಗೆದುಕೊಂಡದ್ದು 1834ರಲ್ಲಿ. ಗುಲಾಮಗಿರಿಗೆ ಕಾನೂನಿನ ಬಲ ಇಲ್ಲ ಎಂದು ಅವರು ಬರೆದದ್ದು 1843ರಲ್ಲಿ. ಎರಡನೇ ಜಮ್ಮಕ್ಕೆ ಆವತ್ತು ಕಾಗದದ ಮೇಲೆ ಗೆರೆ ಎಳೆದರು. ಆದರೆ ಆಳಿಗೆ ಭೂಮಿ ಕೊಡಿ ಎಂದು ಯಾವ ಕಾಗದದಲ್ಲೂ ಬರೆಯಲಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಗುಡಿಸಲುಗಳನ್ನು ಕಿತ್ತು ಹಾಕಿದಾಗ ಬಯಲಲ್ಲಿ ಕೂತವರು ಕೇಳಿದ್ದೂ ಅದನ್ನೇ, ಒಂದು ತುಂಡು ನೆಲ.

ಕೋವಿ ನಮಗೆ ಹೊಸದಲ್ಲ. ಅದಕ್ಕೆ ಎರಡು ತುದಿ. ನಮ್ಮವರಿಗೆ ಪರಿಚಯ ಇದ್ದದ್ದು ಮುಂದಿನ ತುದಿ.

ತಾತ ಹುಣಸೂರು ಕಡೆಯಿಂದ ಮುಂಗಡ ಹಣ ತಗೊಂಡು ತೋಟಕ್ಕೆ ಬಂದವನು. 1972ರಲ್ಲಿ ವನ್ಯಜೀವಿ ಕಾಯ್ದೆ ಬರುವ ಮುಂಚಿನ ಮಾತು. ಆಗ ಹಂದಿ ಬೇಟೆಗೆ ಹೋಗುವವರು ಕಾಡು ಸೋವಲು ಲೈನಿನ ಗಂಡಸರನ್ನು ಕರೆದುಕೊಂಡು ಹೋಗುತ್ತಿದ್ದರು. ಒಂದು ಕಡೆ ಕೋವಿಗಳು ಕಾಯುತ್ತಾ ಕೂರುತ್ತವೆ. ಇನ್ನೊಂದು ಕಡೆಯಿಂದ ಸೋವಿನವರು ತಗಡು ಬಡಿಯುತ್ತಾ, ಕೂಗು ಹಾಕುತ್ತಾ ಹಂದಿಯನ್ನು ಕೋವಿಯ ಬಾಯಿಗೆ ಓಡಿಸಬೇಕು. ಅಂದರೆ ಹಂದಿಯ ಹಿಂದೆ ಹಂದಿಯ ದಾರಿಯಲ್ಲೇ ಇವರೂ ಕೋವಿಯ ಬಾಯಿಗೆ ನಡೆಯಬೇಕು. ಒಂದು ದಿನ ಚರೆ ಹಂದಿಗೆ ಬೀಳದೆ ತಾತನ ಮೀನಖಂಡಕ್ಕೆ ಬಿತ್ತು. ಕೆಲವನ್ನು ಯಾರೋ ಸೂಜಿಯಲ್ಲಿ ತೆಗೆದರು. ಮೂರು ಉಳಿದವು. ನಾವು ಚಿಕ್ಕವರಿದ್ದಾಗ ತಾತನ ಕಾಲೊತ್ತುವ ನೆಪದಲ್ಲಿ ಚರ್ಮದಡಿ ಅವನ್ನು ಆಚೀಚೆ ಉರುಳಿಸಿ ಆಡುತ್ತಿದ್ದೆವು. ರಾಗಿಕಾಳಿಗಿಂತ ದೊಡ್ಡವು, ಹುಣಸೆಬೀಜಕ್ಕಿಂತ ಚಿಕ್ಕವು. ಹೊಡೆದವರು ಯಾರು ಅಂತ ಕೇಳಿದರೆ ತಾತ ಯಾವತ್ತೂ ಹೆಸರು ಹೇಳಲಿಲ್ಲ. "ಯಾರೋ ಒಬ್ರು ದೊರೆ. ಹಂದಿ ಅಂದ್ಕಂಡ್ರಂತೆ" ಅಷ್ಟೆ.

ಸ್ಪರ್ಧೆ ಇದ್ದದ್ದು ಗದ್ದೆಬಯಲಿನ ಪಕ್ಕದ ಒಂದು ಮೈದಾನದಲ್ಲಿ. ಮಳೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಎದುರಿಗೆ ಕೆಂಪು ಮಣ್ಣಿನ ಬರೆ. ಗುಂಡು ದಾಟಿ ಹೋಗದಂತೆ ಅದೇ ಗೋಡೆ. ಬರೆಯ ಮುಂದೆ ಕಂಬ ನೆಟ್ಟು ಅಡ್ಡಗೊಂಬಿಗೆ ತೆಂಗಿನಕಾಯಿ ಕಟ್ಟಿದ್ದರು. ಹಿಂದಿನ ಕಾಲದಲ್ಲಿ ಎತ್ತರದ ಮರದ ತುದಿಗೇ ಕಾಯಿ ಕಟ್ಟಿ ಹೊಡೆಯುತ್ತಿದ್ದರಂತೆ. ಏರ್‌ಗನ್ನಿಗೆ ಕೋಳಿಮೊಟ್ಟೆ. ಶಾಮಿಯಾನದ ಕೆಳಗೆ ಮೈಕು, ಪಕ್ಕದಲ್ಲಿ ಹಂದಿಮಾಂಸದ ಮತ್ತು ಕಡುಬಿನ ವಾಸನೆ. ಹೆಂಗಸರೂ ಬಂದಿದ್ದರು, ಬರೀ ನೋಡಲಿಕ್ಕಲ್ಲ, ಹೊಡೆಯಲಿಕ್ಕೆ. ಅರವತ್ತು ದಾಟಿದ ಒಬ್ಬ ಅಜ್ಜಿ ಸೀರೆಯ ಸೆರಗು ಬಿಗಿದು, ಕೋವಿ ಹೆಗಲಿಗಿಟ್ಟು, ಬೆಳಗಿನ ಮೊದಲ ಕಾಯಿಯನ್ನು ಚೂರು ಮಾಡಿ, ಏನೂ ಆಗದವಳಂತೆ ಕೊಡೆ ಬಿಡಿಸಿಕೊಂಡು ಹೋದಳು. ನಮಗೆ ಆ ಅಜ್ಜಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು, ಪ್ರೀತಿಯೂ ಆಯಿತು.

ಟೋಕನ್ ಕೊಡುವಲ್ಲಿ ಏನಾದರೂ ಅಂದಾರು ಎಂದು ಸಿದ್ಧವಾಗಿ ಹೋಗಿದ್ದೆವು. ಉತ್ತರ ಕೂಡ ಬಾಯಿಪಾಠ ಮಾಡಿದ್ದೆವು. ಏನೂ ಅನ್ನಲಿಲ್ಲ. ಹುಡುಗ ಹೆಸರು, ಆಧಾರ್ ನಂಬರು ಬರೆದುಕೊಂಡು ಚೀಟಿ ಹರಿದುಕೊಟ್ಟ. ಬಾಯಿಪಾಠ ಮಾಡಿದ ಉತ್ತರ ಹೊಟ್ಟೆಯಲ್ಲೇ ಉಳಿಯಿತು.

ಗೆರೆಯ ಹತ್ತಿರ ರಿಟೈರಾದ ಸುಬೇದಾರರೊಬ್ಬರು ಇದ್ದರು. ಬಿಳಿ ಮೀಸೆ, ಕಾಲಿಗೆ ಗಂಬೂಟು. ಅವರ ಕೈ ಸನ್ನೆಯಿಲ್ಲದೆ ಯಾರೂ ಕೋವಿ ಮುಟ್ಟುವಂತಿಲ್ಲ. ನಳಿಗೆ ಯಾವಾಗಲೂ ಬರೆಯ ಕಡೆಗೇ ಇರಬೇಕು. ಹೇಳುವವರೆಗೂ ಬೆರಳು ಟ್ರಿಗರಿನ ಹೊರಗೆ. ಹೊಡೆದಾದ ಮೇಲೆ ಕೋವಿ ತೆರೆದು ಖಾಲಿ ತೋರಿಸಬೇಕು. ಊರಿನ ದೊಡ್ಡ ಪ್ಲಾಂಟರ್ ಒಬ್ಬರು ಮಾತಾಡುತ್ತಾ ಮಾತಾಡುತ್ತಾ ನಳಿಗೆಯನ್ನು ಜನದ ಕಡೆಗೆ ತಿರುಗಿಸಿದರು. ಸುಬೇದಾರರು ಕೈಯಿಂದ ನಳಿಗೆ ಒತ್ತಿ ಕೆಳಗೆ ಮಾಡಿ, "ಹೊರಗೆ ಹೋಗಿ, ಮುಂದಿನ ಸರದಿಗೆ ಬನ್ನಿ" ಎಂದರು. ಪ್ಲಾಂಟರು ನಗುತ್ತಾ ಹೋದರು, ಆದರೆ ಹೋದರು. ಆ ಹತ್ತಡಿ ಜಾಗದಲ್ಲಿ ಮಾತ್ರ ಎಕರೆ ಲೆಕ್ಕ ನಡೆಯುವುದಿಲ್ಲ ಎಂದು ನಮಗೆ ಗೊತ್ತಾದದ್ದು ಆಗ. ಸ್ವಲ್ಪ ಧೈರ್ಯ ಬಂತು.

ನಮ್ಮ ಸರದಿಗೆ ಅವರೇ ಕೋವಿ ಕೈಗೆ ಕೊಟ್ಟರು. ಪದ್ಯ ಬರೆಯುವವನ ಕೈಗೆ ಹನ್ನೆರಡು ಬೋರು. ಹನ್ನೆರಡು ಅಂದರೆ ಏನು ಸಾರ್ ಎಂದು ಕೇಳಿದೆವು. ಹೆದರಿಕೆ ಆದಾಗ ಪ್ರಶ್ನೆ ಕೇಳುವುದು ಓದಿದವರ ಅಭ್ಯಾಸ. ಅವರು ಬೇಸರಿಸದೆ ಹೇಳಿದರು. ಈ ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಉಂಡೆ ಮಾಡಿದರೆ ಹನ್ನೆರಡು ಉಂಡೆಗೆ ಒಂದು ಪೌಂಡ್ ತೂಕ. ಅದಕ್ಕೇ ಹನ್ನೆರಡು. ಹದಿನಾರು ಬೋರು ಅಂದರೆ ನಳಿಗೆ ಚಿಕ್ಕದು. ಲೆಕ್ಕ ದೊಡ್ಡದಾದಷ್ಟೂ ತೂತು ಚಿಕ್ಕದು. ಅಷ್ಟು ಸರಳ ಲೆಕ್ಕ. ಮೂರು ತಲೆಮಾರು ಹೆದರಿದ ವಸ್ತುವಿನ ಒಳಗೆ ಒಂದು ಪೌಂಡಿನ ಭಾಗಾಕಾರ ಇತ್ತು.

ಕೋವಿಯ ಮರ ತಣ್ಣಗಿತ್ತು. ಭಾರ ನಾವು ಅಂದುಕೊಂಡಷ್ಟು ಇರಲಿಲ್ಲ. ಕಾಫಿ ಮೂಟೆ ಹೊತ್ತ ಹೆಗಲಿಗೆ ಅದು ಯಾವ ಲೆಕ್ಕ? ಆದರೆ ಮೂಟೆ ಹೊರುವುದಕ್ಕೂ ಕೋವಿ ಹಿಡಿಯುವುದಕ್ಕೂ ಮೈ ಬೇರೆ ಬೇರೆ. ಮೂಟೆಗೆ ಬಗ್ಗಬೇಕು. ಕೋವಿಗೆ ನೆಟ್ಟಗೆ ನಿಲ್ಲಬೇಕು. "ಬೆನ್ನು ಬಗ್ಗಿಸ್ಬೇಡಿ, ಎಡಗಾಲು ಮುಂದೆ. ಕೆನ್ನೆ ಮರಕ್ಕೆ ಒತ್ತಿ. ಹೆಗಲಿಗೆ ಬಿಗಿಯಾಗಿ ಇಡಿ, ಸಡಿಲ ಇದ್ರೆ ಒದೀತದೆ" ಎಂದರು. ನಮಗೆ ಬಹುವಚನ. ಆ ಊರಿನಲ್ಲಿ ನಮಗೆ ಬಹುವಚನ ಹೇಳಿದ ವಯಸ್ಸಾದವರು ಎಷ್ಟು ಜನ ಎಂದು ಬೆರಳಲ್ಲಿ ಎಣಿಸಬಹುದು.

ಉಸಿರಿನ ವಿಷಯ ಯಾರೂ ಮುಂಚೆ ಹೇಳಿರಲಿಲ್ಲ. ನಳಿಗೆಯ ತುದಿಯ ಸಣ್ಣ ಮಣಿ ಉಸಿರಿನ ಜತೆ ಮೇಲೆ ಕೆಳಗೆ ಆಡುತ್ತದೆ. ಉಸಿರೆಳೆದರೆ ಕಾಯಿಯ ಕೆಳಗೆ, ಬಿಟ್ಟರೆ ಕಾಯಿಯ ಮೇಲೆ. ಅರ್ಧ ಬಿಟ್ಟು ತಡೆಯಬೇಕು. ತಡೆದರೆ ಎದೆಯ ಬಡಿತ ಕೋವಿಗೆ ಬರುತ್ತದೆ. ಆ ಬಡಿತ ಮಣಿಯಲ್ಲಿ ಕಣ್ಣಿಗೇ ಕಾಣುತ್ತದೆ. ಟ್ರಿಗರನ್ನು ಎಳೆಯಬಾರದಂತೆ, ನಿಂಬೆಹಣ್ಣು ಹಿಂಡಿದ ಹಾಗೆ ಮೆತ್ತಗೆ ಒತ್ತುತ್ತಾ ಹೋಗಬೇಕಂತೆ, ಯಾವಾಗ ಹಾರಿತು ಎಂದು ಹೊಡೆದವನಿಗೇ ಗೊತ್ತಾಗಬಾರದಂತೆ. ನಾವು ಮಣಿ ನೋಡಿದೆವು. ಮಣಿಯಾಚೆ ಕಾಯಿ. ಕಾಯಿಯ ಹಿಂದೆ ಕೆಂಪು ಮಣ್ಣು. ಆ ಮಣ್ಣಿನಲ್ಲಿ ಒಂದು ಗಳಿಗೆ ತಗಡು ಬಡಿಯುತ್ತಾ ಬರುವ ಗಂಡಸರು ಕಂಡಂತಾಯಿತು. ಪದ್ಯ ಬರೆಯುವವರ ಕರ್ಮ ಇದು, ಎಲ್ಲಿ ಬೇಡವೋ ಅಲ್ಲೇ ಏನೋ ಕಾಣುತ್ತದೆ. ಗುಂಡು ಹಾರಿತು. ಹೆಗಲಿಗೆ ಒದೆ ಬಿತ್ತು. ಕಾಯಿ ಅಲ್ಲಾಡಲಿಲ್ಲ. ಬರೆಯಲ್ಲಿ ಒಂದು ಮೊಳ ಮೇಲೆ ಮಣ್ಣು ಉದುರಿತು. "ಪರವಾಗಿಲ್ಲ, ಕಣ್ಣು ಮುಚ್ಚಿಲ್ಲ ನೀವು" ಎಂದರು ಸುಬೇದಾರರು.

ನಮ್ಮ ಎರವರ ಗೆಳೆಯ ಏರ್‌ಗನ್ ತೆಗೆದುಕೊಂಡ. ಕವಣೆಯಲ್ಲಿ ಓಡುವ ಮಂಗಕ್ಕೆ ಹೊಡೆಯುವ ಕಣ್ಣು ಅವನದು. ಮೊಟ್ಟೆಗೆ ಕೂದಲೆಳೆ ಪಕ್ಕದಲ್ಲಿ ಹೋಯಿತು. ಮೊಟ್ಟೆ ತಿರುಗಿತು, ಒಡೆಯಲಿಲ್ಲ. "ಗಾಳಿ ಬಿತ್ತು ಮಾರಾಯ" ಎಂದ. ಗಾಳಿ ಇರಲಿಲ್ಲ.

ಆಮೇಲೆ ಅವಳು. ಪಾಯಿಂಟ್ ಟೂ-ಟೂ. ಕ್ಯಾಂಪಿನಲ್ಲಿ ಮಲಗಿ ಹೊಡೆದವಳು ಇಲ್ಲಿ ನಿಂತು ಹೊಡೆಯಬೇಕು. ಐವತ್ತು ಮೀಟರಿನ ಹತ್ತಿರ ದೂರ. ಆ ದೂರಕ್ಕೆ ಕಾಯಿ ಒಂದು ನೆಲ್ಲಿಕಾಯಿ. ಅವಳು ಅವಸರ ಮಾಡಲಿಲ್ಲ. ಒಮ್ಮೆ ಎತ್ತಿದಳು, ಸರಿಬರಲಿಲ್ಲ, ಇಳಿಸಿದಳು. ಹಿಂದಿನಿಂದ ಯಾರೋ "ಬೇಗ ಆಗ್ಲಿ" ಅಂದರು. ಸುಬೇದಾರರು ತಿರುಗಿ ನೋಡಿದ ಮೇಲೆ ಸದ್ದಿಲ್ಲ. ಮತ್ತೆ ಎತ್ತಿದಳು. ಟಪ್ ಎಂದು ಒಂದು ಸಣ್ಣ ಸದ್ದು, ಒಣಕಡ್ಡಿ ಮುರಿದ ಹಾಗೆ. ಏನೂ ಆಗಲಿಲ್ಲ ಅಂದುಕೊಂಡೆವು. ದುರ್ಬೀನು ಹಿಡಿದವರು ಕೈ ಎತ್ತಿದರು. ಕಾಯಿಯ ಹೊಟ್ಟೆಯಿಂದ ಎಳೆಯಾಗಿ ನೀರು ಸೋರುತ್ತಿತ್ತು.

ನಾವು ಕೂಗಿದ ಕೂಗಿಗೆ ಶಾಮಿಯಾನದ ಕೆಳಗಿನ ನಾಯಿ ಎದ್ದು ಓಡಿತು.

ಇಲ್ಲಿಯವರೆಗಿನದು ಆಟದ ಕಥೆ. ಇನ್ನು ಮೈಕಿನ ಕಥೆ. ಕಾಯಿ ಹೊಡೆದ ಪ್ರತಿಯೊಬ್ಬರ ಹೆಸರನ್ನೂ ಮೈಕಿನಲ್ಲಿ ಹೇಳುತ್ತಾರೆ. ಕೊಡವರ ಹೆಸರಿಗೆ ಮುಂದೆ ಮನೆತನದ ಹೆಸರು ಇರುತ್ತದೆ. ಅದು ಕೇಳಿದ ಕೂಡಲೇ ಯಾವ ನಾಡು, ಯಾವ ಊರು, ಯಾವ ಐನ್‌ಮನೆ ಎಂದು ಎಲ್ಲರಿಗೂ ತಿಳಿಯುತ್ತದೆ. ಗೌಡರಿಗೂ ಮನೆತನದ ಹೆಸರಿದೆ. ಬೆಳಗಿನಿಂದ ಅಂಥ ಹೆಸರುಗಳೇ ಮೈಕಿನಲ್ಲಿ ಮೊಳಗುತ್ತಿದ್ದವು. ಇವಳ ಚೀಟಿ ಅವರ ಕೈಗೆ ಹೋಯಿತು. ಹೆಸರು ಓದಿದರು. ಮುಂದೆ ಏನೂ ಇರಲಿಲ್ಲ. ಮೈಕಿನವರು ಒಂದು ಗಳಿಗೆ ನಿಂತು, ಕೆಟ್ಟ ಉದ್ದೇಶವೇನೂ ಇಲ್ಲದೆ, ಊರಿಗೆಲ್ಲ ಕೇಳುವ ಹಾಗೆ ಕೇಳಿದರು: "ಯಾರ ತೋಟದವರಮ್ಮಾ?"

ಮಾತಿನಲ್ಲಿ ಬೈಗುಳ ಇಲ್ಲ. 'ಅಮ್ಮಾ' ಎಂದೂ ಇದೆ. ಆದರೆ ನಮ್ಮ ಎದೆಗೆ ಅದು ಬಿದ್ದದ್ದು ಹನ್ನೆರಡು ಬೋರಿನ ಒದೆಗಿಂತ ಜೋರಾಗಿ. ಯಾವ ಊರು ಎಂದು ಕೇಳಲಿಲ್ಲ. ಯಾವ ಕಾಲೇಜು ಎಂದು ಕೇಳಲಿಲ್ಲ. ಯಾರ ತೋಟ. ಭೂಮಿ ಜಮ್ಮದಾಳು ಎನ್ನುವ ಮಾತನ್ನು ಲೈಬ್ರರಿಯಲ್ಲಿ ಓದಿದ್ದೆವು. ಅವತ್ತು ಕಿವಿಯಲ್ಲಿ ಕೇಳಿದೆವು.

ತೋಟದ ಮಾಲೀಕರ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಚಪ್ಪಾಳೆಯೂ ಬೀಳುತ್ತಿತ್ತು, ಅರ್ಧ ಮಾಲೀಕರಿಗೆ ಅರ್ಧ ಇವಳಿಗೆ. ಇವಳು ಮೈಕಿನ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದಳು. ಆಮೇಲೆ ಮೈಕು ಹೇಳಿತು, ಅವಳ ಅವ್ವನ ಹೆಸರನ್ನು ಮುಂದೆ ಸೇರಿಸಿ ಅವಳ ಹೆಸರನ್ನು. ಬಡ ಹೆಂಗಸಿನ ಹೆಸರು, ರೇಷನ್ ಕಾರ್ಡಿನಲ್ಲಿ ಮತ್ತು ಮಸ್ಟರ್ ರೋಲಿನಲ್ಲಿ ಮಾತ್ರ ಇರುವ ಹೆಸರು, ಗದ್ದೆಬಯಲಿನ ಮೇಲೆ ಮನೆತನದ ಹೆಸರಿನ ಹಾಗೆ ಹೋಯಿತು. ಒಂದಕ್ಷರ ತಪ್ಪಾಗಿಯೇ ಹೇಳಿದರು. ಪರವಾಗಿಲ್ಲ.

ಎರಡನೇ ಸುತ್ತಿನಲ್ಲಿ ಅವಳ ಗುಂಡು ಕಾಯಿಯ ಕೆಳಗೆ ಹೋಯಿತು. ಬಹುಮಾನ ಏನಿಲ್ಲ. ಹೊಡೆದ ಕಾಯಿ ಕೊಟ್ಟರು. ಪಿಕಪ್ಪಿನ ಹಿಂದೆ ಕೂತು ಒಡೆದು ತಿಂದೆವು. ಒಳಗೆ ಸೀಸದ ಚೂರು ಇರಬಹುದೆಂದು ಕೊಬ್ಬರಿಯನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ತಿಂದೆವು.

ತಾತನಿಗೆ ಸುದ್ದಿ ಮುಂಚೆಯೇ ಮುಟ್ಟಿತ್ತು. ಲೈನಿನಲ್ಲಿ ಸುದ್ದಿಗೆ ರೆಕ್ಕೆ ಬೇಕಿಲ್ಲ, ಗೋಡೆ ಒಂದೇ. ಜಗಲಿಯಲ್ಲಿ ಕೂತಿದ್ದವನು ಕೇಳಿದ: "ಈಡು ಒಡದ್ರಂತಲ್ಲ. ಎಸ್ಟ್ ಕೊಟ್ರಿ?"

"ಒಂದ್ ಈಡಿಗೆ ನೂರ್ ರೂಪಾಯಿ ತಾತಾ."

"ನೂರಾ? ಥೂ ನಿಮ್ಮ! ನಂಗೆ ಬಿಟ್ಟಿ ಬಿದ್ದಿದ್ದು ಕನ್ಲಾ!" ಎಂದು ಕೆಮ್ಮು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ಹುಡುಗಿಯನ್ನು ಹತ್ತಿರ ಕರೆದು ಅವಳ ಬಲಗೈ ತೋರುಬೆರಳನ್ನು ಹಿಡಿದು ನೋಡಿದ. ಏನೂ ಮಾತಾಡಲಿಲ್ಲ.

ಸಂಘಟನೆಯ ಹಿರಿಯಣ್ಣನೊಬ್ಬರಿಗೆ ಈ ವಿಷಯ ತಿಳಿದು ಫೋನಿನಲ್ಲಿ ಅರ್ಧ ಗಂಟೆ ಬೈದರು. "ಅದು ಪಾಳೇಗಾರಿಕೆ ಆಟ ಕಣ್ರೋ, ಅವರ ಹಬ್ಬಕ್ಕೆ ನೀವು ಹೋಗಿ ಚಪ್ಪಾಳೆ ತಟ್ಟಿ ಬಂದ್ರಲ್ಲ. ನಮಗೆ ಬೇಕಾದ್ದು ಪೆನ್ನು, ಕೋವಿ ಅಲ್ಲ." ಅಣ್ಣನ ಮೇಲೆ ನಮಗೆ ಗೌರವ ಇದೆ. ಆದರೆ ಈ ಮಾತಿಗೆ ಇಲ್ಲಿ ಉತ್ತರ ಬರೆಯಲೇಬೇಕು, ಯಾಕೆಂದರೆ ಹೀಗೆ ಅನ್ನುವವರು ಅವರೊಬ್ಬರೇ ಅಲ್ಲ.

ಪೆನ್ನು ಮತ್ತು ಕೋವಿ ನಮ್ಮ ಚರಿತ್ರೆಯಲ್ಲಿ ಅಷ್ಟು ದೂರ ದೂರ ಇದ್ದವಲ್ಲ ಅಣ್ಣಾ. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದು ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ದಂಡಿನಲ್ಲಿ ಕೆಲಸ ಇದ್ದದ್ದರಿಂದ ಓದು ಬರಹ ಆ ಮನೆಯೊಳಗೆ ಬಂದಿತ್ತು. ಆ ಕಾಲಕ್ಕೇ ಬ್ರಿಟಿಷರು ಯಾವ ಜಾತಿ ವೀರ, ಯಾವ ಜಾತಿ ಅಲ್ಲ ಎಂದು ಪಟ್ಟಿ ಮಾಡಿ ಮಹಾರರ ಭರ್ತಿ ನಿಲ್ಲಿಸಿದರು. ಕೋವಿ ಕಿತ್ತುಕೊಂಡಾಗ ಸಂಬಳ, ಪೆನ್ಷನ್, ಮಕ್ಕಳ ಓದು ಎಲ್ಲ ಒಟ್ಟಿಗೆ ಹೋದವು. ಮಹಾರ್ ರೆಜಿಮೆಂಟ್ ಎದ್ದದ್ದು 1941ರ ಅಕ್ಟೋಬರಿನಲ್ಲಿ, ನಮ್ಮದೇ ಬೆಳಗಾವಿಯಲ್ಲಿ. ವೀರತನ ರಕ್ತದಲ್ಲಿ ಇರುತ್ತದೆ ಎನ್ನುವವರಿಗೆ ಇದೇ ಉತ್ತರ. ಅದು ರಕ್ತದಲ್ಲಿ ಇಲ್ಲ, ಭರ್ತಿ ಆದೇಶದಲ್ಲಿ ಇದೆ.

ಇನ್ನೊಂದು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳನ್ನು ತೆಗೆದು ಮೂರನೇ ನಿಯಮ ಓದಿ. ದೌರ್ಜನ್ಯ ನಡೆಯುವ ಪ್ರದೇಶ ಎಂದು ಗುರುತಿಸಿದ ಕಡೆ ಅಗತ್ಯ ಕಂಡರೆ ಪರಿಶಿಷ್ಟರಲ್ಲದವರ ಆಯುಧ ಲೈಸೆನ್ಸ್ ರದ್ದು ಮಾಡಬಹುದು, ಪರಿಶಿಷ್ಟ ಜಾತಿ ಪಂಗಡದವರಿಗೆ ಲೈಸೆನ್ಸ್ ಕೊಡಬಹುದು ಎಂದು ಅಲ್ಲಿ ಬರೆದಿದೆ. ಬರೆದಿಟ್ಟವರಿಗೇ ಗೊತ್ತಿತ್ತು, ಈ ದೇಶದ ಹಳ್ಳಿಯಲ್ಲಿ ಕೋವಿ ಯಾವ ಕೇರಿಯಲ್ಲಿದೆ, ಯಾವ ಕೇರಿಯಲ್ಲಿ ಇಲ್ಲ ಎಂದು. ನಿಯಮ ಬಂದ ಎರಡು ವರ್ಷಕ್ಕೆ, 1997ರ ಡಿಸೆಂಬರ್ 1ರ ರಾತ್ರಿ, ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆಯವರು 58 ಜನ ದಲಿತರನ್ನು ಕೊಂದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟ 26 ಜನರನ್ನೂ 2013ರಲ್ಲಿ ಪಟ್ನಾ ಹೈಕೋರ್ಟು ಬಿಡುಗಡೆ ಮಾಡಿತು. ಹಾಗಂತ ನಮ್ಮ ಕೇರಿಗೂ ಕೋವಿ ಕೊಡಿ ಎಂದು ನಾವು ಕೇಳುತ್ತಿಲ್ಲ. ತಾತನ ಕಾಲಿನಲ್ಲಿ ಇರುವುದೇ ಸಾಕು. ಕೊಡವರ ಕೋವಿ ಕಿತ್ತುಕೊಳ್ಳಿ ಎಂದೂ ಕೇಳುತ್ತಿಲ್ಲ. ಆ ಅಜ್ಜಿಯ ಕೈಯಿಂದ ಅದನ್ನು ಕಿತ್ತರೆ ನಮಗೇನು ಸಿಗುತ್ತದೆ? ಕೋವಿಯ ಹಿಂದೆ ಒಂದು ಪಹಣಿ ಇದೆ. ನಮ್ಮ ಕಣ್ಣು ಇರುವುದು ಪಹಣಿಯ ಮೇಲೆ. ಜನ್ಮದಿಂದ ಕೆಲವರಿಗೆ ನೆಲ ಬರುವುದು ನ್ಯಾಯವಾದರೆ, ನಾಲ್ಕು ತಲೆಮಾರು ಆ ನೆಲ ಅಗೆದವರಿಗೆ ಮನೆ ಕಟ್ಟಿಕೊಳ್ಳುವಷ್ಟು ನೆಲ ಯಾವ ಲೆಕ್ಕದಲ್ಲಿ ಬರಬೇಕು, ಅದನ್ನು ಹೇಳಿ.

ಈಗ ಅವಳಿಗೆ ಅಭ್ಯಾಸ ಮಾಡಬೇಕಂತೆ. ಒಂದು ಗುಂಡಿನಲ್ಲಿ ಏನು ಗೊತ್ತಾಗುತ್ತೆ, ಸಾವಿರ ಹೊಡೀಬೇಕು ಅನ್ನುತ್ತಾಳೆ. ಟಿ.ವಿ.ಯಲ್ಲಿ ಬರುವ ಹತ್ತು ಮೀಟರಿನ ಆಟಕ್ಕೆ ನಾಲ್ಕೂವರೆ ಮಿಲಿಮೀಟರಿನ ಸೀಸದ ಚೂರು ಸಾಕು, ಬೇಲಿ ಪಕ್ಕದ ಹತ್ತು ಮೀಟರ್ ಜಾಗ ಸಾಕು. ಆದರೆ ಒಳ್ಳೆಯ ಪಿಸ್ತೂಲಿನ ಬೆಲೆ ಕೇಳಿದರೆ ಅವಳ ಅವ್ವ ವರ್ಷಗಟ್ಟಲೆ ಕಾಫಿ ಕುಯ್ಯಬೇಕು. ಸೆಕೆಂಡ್ ಹ್ಯಾಂಡ್ ಏರ್‌ಗನ್ ಒಂದನ್ನು ಪಿಕಪ್ಪಿನವನು ಕುಶಾಲನಗರದ ಕಡೆ ಮಾತಾಡಿ ಇಟ್ಟಿದ್ದಾನೆ. ಗುರಿಗೆ ಮೊಟ್ಟೆ ಹಾಳು ಮಾಡುವುದು ಬೇಡ, ಉದುರಿದ ಕಿತ್ತಳೆಕಾಯಿ ಸಾಕು ಎಂದು ಅವಳ ಅವ್ವ ಹೇಳಿದ್ದಾಳೆ. ಕಾಯಿ ಕಟ್ಟಲು ಲೈನಿನ ಹಿಂದಿನ ಗೋಡೆಗೆ ಒಂದು ಮೊಳೆ ಹೊಡೆಯಬೇಕು. ಮೊಳೆ ಹೊಡೆಯಲು ರೈಟರನ್ನು ಕೇಳಬೇಕು. ರೈಟರು ಸಾವ್ಕಾರರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.